ಹೊಡೆದ ಹೆಸರು

ಹೋದ ತಿಂಗಳು ಬಸವಕಲ್ಯಾಣದ ಬಸ್ ನಿಲ್ದಾಣದ ಹತ್ತಿರ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ರೇಷನ್ ಕಾರ್ಡು ಹಿಡಿದುಕೊಂಡು ಕುಳಿತಿದ್ದೆ. ನಮ್ಮ ಮನೆಯವರು ತೀರಿಕೊಂಡು ಏಳು ತಿಂಗಳಾಗಿದ್ದರೂ ಕಾರ್ಡಿನಲ್ಲಿ ನನ್ನ ಹೆಸರಿನ ಕೆಳಗೆ ಅವರ ಹೆಸರು ಹಾಗೆಯೇ ಇತ್ತು. ಅದನ್ನು ತೆಗೆಸಬೇಕೆಂದು ನ್ಯಾಯಬೆಲೆ ಅಂಗಡಿಯವರು ಎರಡು ಸಲ ಹೇಳಿ ಕಳಿಸಿದ್ದರು. ಕಂಪ್ಯೂಟರಿನ ಮುಂದಿದ್ದ ಹೆಣ್ಣುಮಗಳು ನನ್ನ ಕಾಗದಗಳನ್ನೆಲ್ಲ ನೋಡಿದಳು, ತೆರೆಯ ಮೇಲೆ ಅವರ ಹೆಸರು ಹುಡುಕಿದಳು, ಆಮೇಲೆ ತಲೆ ಎತ್ತದೆಯೇ ಕೇಳಿದಳು: ‘ಡಿಲೀಟ್ ಹೊಡೀಲೇನ್ರಿ, ಅಕ್ಕೋರ?’

ಅವಳ ತಪ್ಪೇನೂ ಇಲ್ಲ. ನಮ್ಮ ಕಡೆ ಎಲ್ಲವನ್ನೂ ಹೊಡೆಯುತ್ತೇವೆ. ಗೋಡೆಗೆ ಬಣ್ಣ ಹೊಡೆಯುತ್ತೇವೆ, ಫೋನ್ ಹೊಡೆಯುತ್ತೇವೆ, ಕಳೆ ಹೋಗಲೆಂದು ಹೊಲದಲ್ಲಿ ಎಡೆ ಹೊಡೆಯುತ್ತೇವೆ, ಊಟವಾದ ಮೇಲೆ ನಿದ್ದೆಯನ್ನೂ ಹೊಡೆಯುತ್ತೇವೆ. ಮೂವತ್ತೈದು ವರ್ಷ ಕನ್ನಡ ಕಲಿಸಿದ ನನಗೆ ಇಷ್ಟು ತಿಳಿಯದೇ? ಆದರೂ ತೆರೆಯ ಮೇಲಿದ್ದ ಆ ಹೆಸರನ್ನು ಇನ್ನೊಮ್ಮೆ ಓದಿದೆ. ನನ್ನ ಹಿಂದೆ ಪಾಳಿಯಲ್ಲಿ ನಿಂತವರು ಕಾಲು ಬದಲಿಸುತ್ತಿದ್ದರು. ‘ಹೊಡಿಯವ್ವ’ ಎಂದೆ. ಅವಳು ಒಂದು ಬೆರಳಿನಿಂದ ಒತ್ತಿದಳು. ಸದ್ದೂ ಆಗಲಿಲ್ಲ.

ನೀವು ಅಂದುಕೊಳ್ಳಬಹುದು, ಗಂಡನ ನೆನಪಾಗಿ ಈಕೆಗೆ ಸಂಕಟವಾಯಿತೆಂದು. ಅದೂ ಆಯಿತು, ಇಲ್ಲವೆನ್ನುವುದಿಲ್ಲ. ಆದರೆ ಅಂಗಡಿಯ ಮೆಟ್ಟಿಲಿಳಿಯುವಾಗ ನನ್ನ ಕಣ್ಣ ಮುಂದೆ ಬಂದದ್ದು ಅವರ ಮುಖವಲ್ಲ. ಇಪ್ಪತ್ತೈದು ವರ್ಷದ ಹಿಂದಿನ ಹನ್ನೆರಡು ವರ್ಷದ ಹುಡುಗಿಯೊಬ್ಬಳ ಮುಖ. ಅವಳ ಹೆಸರನ್ನು ಹೊಡೆದವಳು ನಾನು.

ಅದನ್ನು ಹೇಳುವ ಮುಂಚೆ ನನ್ನ ಒಂದು ಚಟದ ಬಗ್ಗೆ ಹೇಳಬೇಕು. ಮಾತುಗಳ ನಡುವಿನ ಸಣ್ಣ ಸಣ್ಣ ವ್ಯತ್ಯಾಸ ಹುಡುಕುವುದೆಂದರೆ ನನಗೆ ಚಿಕ್ಕಂದಿನಿಂದಲೂ ಇಷ್ಟ. ನನ್ನ ಅವ್ವ ದಿನವಿಡೀ ಮನೆ ಸ್ವಚ್ಛ ಮಾಡುತ್ತಿದ್ದಳು, ಆದರೆ ‘ಸ್ವಚ್ಛ’ ಎಂಬ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಅಂಗಳ ಗುಡಿಸುತ್ತಿದ್ದಳು, ನೆಲ ಸಾರಿಸುತ್ತಿದ್ದಳು, ಕಂದೀಲಿನ ಗಾಜು ಒರೆಸುತ್ತಿದ್ದಳು, ತವೆ ಉಜ್ಜುತ್ತಿದ್ದಳು, ಹಾಲಿನ ಪಾತ್ರೆಯ ತಳ ಕೆರೆಯುತ್ತಿದ್ದಳು. ಒಂದರ ಬದಲು ಇನ್ನೊಂದು ಹೇಳಿದರೆ ನಗುತ್ತಿದ್ದಳು. ಕೆಲವು ಮಾತುಗಳನ್ನಂತೂ ಆಡಲೇಬಾರದು. ದೀಪ ಆರಿಸು ಅನ್ನಬಾರದು, ಶಾಂತ ಮಾಡು ಅನ್ನಬೇಕು. ಬಳೆ ಒಡೆದರೆ ಹೆಚ್ಚಾಯಿತು ಅನ್ನಬೇಕು. ಡಬ್ಬಿಯಲ್ಲಿ ಕುಂಕುಮ ಮುಗಿದರೂ ಹೆಚ್ಚಾಯಿತೇ. ಇಲ್ಲವಾಗುವುದನ್ನು ಇಲ್ಲವಾಯಿತು ಎಂದು ನೇರವಾಗಿ ಹೇಳಲು ನಮ್ಮ ಹೆಂಗಸರು ಎಷ್ಟು ಹೆದರುತ್ತಿದ್ದರು ನೋಡಿ. ನಮ್ಮ ಮನೆಯವರು ಹೋದ ದಿನ ಹಿರಿಯರೊಬ್ಬರು ನನ್ನ ಹಣೆ ಒರೆಸಲು ಬಂದರು. ಎತ್ತಿದ ಕೈಯನ್ನು ಎರಡು ಸಲ ಹಿಂದೆಗೆದರು. ಅವರಿಗೇಕೆ ಆ ಕಷ್ಟವೆಂದು ನಾನೇ ಒರೆಸಿಕೊಂಡೆ.

ಪಕ್ಕದ ಮನೆಯಲ್ಲಿ ಒಬ್ಬ ಮರಾಠಿ ಆಜಿ ಇದ್ದಳು. ನಾನು ಬರೆಯುವ ಪಾಟಿಗೆ ಉಗುಳು ಹಚ್ಚಿ ಅಂಗೈಯಿಂದ ತಿಕ್ಕುವುದನ್ನು ಕಂಡರೆ ಅವಳಿಗೆ ಸಿಟ್ಟು. ಬಟ್ಟೆಯಿಂದ ‘ಪುಸ್’ ಎಂದು ಗದರುತ್ತಿದ್ದಳು. ಅವಳೇ ಸಂಜೆ ಕಟ್ಟೆಯ ಮೇಲೆ ಕುಳಿತು, ಊರಿಂದ ಬಂದವರ ಕ್ಷೇಮ ಸಮಾಚಾರ ಕೇಳುವುದಕ್ಕೂ ‘ಪುಸ್’ ಎಂಬ ಮಾತನ್ನೇ ಬಳಸುತ್ತಿದ್ದಳು. ಅವರ ಭಾಷೆಯಲ್ಲಿ ಒರೆಸುವುದಕ್ಕೂ ವಿಚಾರಿಸುವುದಕ್ಕೂ ಅದೊಂದೇ ಮಾತು. ನನಗೆ ಅದು ಬಹಳ ವಿಚಿತ್ರವೆನಿಸುತ್ತಿತ್ತು. ಮುಂದೆ ಶಿಕ್ಷಕಿಯಾದ ಮೇಲೆ ಮಕ್ಕಳಿಗೆ ಸಮಾನಾರ್ಥಕ ಪದ ಕಲಿಸುವಾಗಲೆಲ್ಲ ಹೇಳುತ್ತಿದ್ದೆ: ‘ಪೂರ್ತಿ ಸಮಾನ ಅನ್ನೂ ಮಾತು ಯಾವುದೂ ಇಲ್ಲ. ಅಳಿಸೂದು ಬ್ಯಾರೆ, ಒರಸೂದು ಬ್ಯಾರೆ.’ ಈ ಜಾಣತನ ನನಗೆ ಬೇಕಾದ ದಿನ ಎಲ್ಲಿ ಹೋಗಿತ್ತೋ.

ಆಗ ನಾನು ಹುಮನಾಬಾದ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿದ್ದೆ. ದುಬಲಗುಂಡಿಯ ಆಚೆ ಎಂದಷ್ಟೇ ಹೇಳುತ್ತೇನೆ. ಊರಿನ ಹೆಸರು ಬೇಡ, ಆ ಊರಿನವರು ಏನೂ ತಪ್ಪು ಮಾಡಿಲ್ಲ. ದಿನಾ ಬೆಳಿಗ್ಗೆ ಬಸವಕಲ್ಯಾಣದಿಂದ ಹುಮನಾಬಾದಕ್ಕೆ ಒಂದು ಬಸ್ಸು, ಅಲ್ಲಿಂದ ಹಳ್ಳಿಗೆ ಇನ್ನೊಂದು. ನನಗೆ ಆಗ ನಲವತ್ತು. ಸುತ್ತಲ ಶಾಲೆಗಳವರು ಸೇರುವ ಕೇಂದ್ರದ ಸಭೆಗಳಲ್ಲಿ ನನ್ನ ಹಾಜರಿ ಪುಸ್ತಕವನ್ನು ಎತ್ತಿ ಹಿಡಿದು ಬೇರೆ ಶಿಕ್ಷಕರಿಗೆ ತೋರಿಸುತ್ತಿದ್ದರು. ಒಂದು ಚಿತ್ತಿಲ್ಲ, ಒಂದು ತಿದ್ದುಪಡಿಯಿಲ್ಲ, ಅಕ್ಷರಗಳು ಮುತ್ತು ಜೋಡಿಸಿದ ಹಾಗೆ. ಮಕ್ಕಳು ಓದುತ್ತಿದ್ದರೋ ಇಲ್ಲವೋ, ನನ್ನ ಪುಸ್ತಕ ಮಾತ್ರ ಓದುವ ಹಾಗಿತ್ತು. ಈಗ ನಗುತ್ತೇನೆ. ಆಗ ಆ ಹೊಗಳಿಕೆ ಕೇಳುವುದಕ್ಕೆಂದೇ ಸಭೆಗಳಿಗೆ ಒಳ್ಳೆಯ ಸೀರೆ ಉಟ್ಟು ಹೋಗುತ್ತಿದ್ದೆ.

ಏಳನೆಯ ತರಗತಿಯಲ್ಲಿ ಸುಜಾತಾ ಎಂಬ ಹುಡುಗಿಯಿದ್ದಳು. ಊರಂಚಿನಲ್ಲಿ ಬೌದ್ಧರಾದ ದಲಿತರ ಕೇರಿಯವಳು. ತಂದೆ ಇರಲಿಲ್ಲ. ತಾಯಿ ಕಮಳಾಬಾಯಿ ಬೇರೆಯವರ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದಳು. ಸುಜಾತಾ ಮಹಾ ಬುದ್ಧಿವಂತೆ ಎಂದು ಈಗ ಹೇಳಿದರೆ ಕಥೆಗೆ ಚೆನ್ನಾಗಿರುತ್ತದೆ, ಆದರೆ ಅವಳು ಹಾಗೇನೂ ಇರಲಿಲ್ಲ. ಗಣಿತದಲ್ಲಿ ಹಿಂದೆ. ಒತ್ತಕ್ಷರ ತಪ್ಪುತ್ತಿದ್ದಳು. ಆದರೆ ಶಾಲೆಗೆ ಬರುವುದೆಂದರೆ ಅವಳಿಗೆ ಪ್ರಾಣ. ಗಂಟೆ ಹೊಡೆಯುವ ಮುಂಚೆಯೇ ಬಂದು ಬಾಗಿಲಲ್ಲಿ ಕುಳಿತಿರುತ್ತಿದ್ದಳು. ಹಾಜರಿ ಕರೆದಾಗ ಉಳಿದವರು ಗೊಣಗಿದಂತೆ ಉತ್ತರ ಕೊಟ್ಟರೆ, ಇವಳು ಎದ್ದು ನಿಂತು ‘ಹಾಜರ್ರಿ!’ ಎಂದು ಗೋಡೆಗೆ ಕೇಳಿಸುವ ಹಾಗೆ ಕೂಗುತ್ತಿದ್ದಳು. ನಾನು ಎಷ್ಟೋ ಸಲ ‘ಸಾವಕಾಶ ಹೇಳು, ನನಗ ಕಿವಿ ಕೇಳಸ್ತಾವ’ ಎಂದು ಗದರಿದ್ದುಂಟು.

ಆ ವರ್ಷ ತೊಗರಿ ಕೊಯ್ಲಿನ ಹೊತ್ತಿಗೆ ಕಮಳಾಬಾಯಿಯ ಕಾಲಿಗೆ ಕುಡುಗೋಲು ಬಡಿದು ಗಾಯವಾಯಿತು. ಗಾಯ ಕೀವಾಯಿತು. ಕೂಲಿಯವರ ಗುಂಪಿನಲ್ಲಿ ತಾಯಿಯ ಜಾಗಕ್ಕೆ ಮಗಳು ಹೋದಳು. ಒಂದು ವಾರ, ಎರಡು ವಾರ, ಒಂದು ತಿಂಗಳು ದಾಟಿತು. ಅವಳ ಓಣಿಯ ಮಕ್ಕಳ ಕೈಯಲ್ಲಿ ನಾನು ಎರಡು ಸಲ ಹೇಳಿ ಕಳಿಸಿದೆ. ‘ಬರ್ತಾಳಂತ್ರಿ’ ಎಂದು ಮಕ್ಕಳು ಬಂದು ಹೇಳಿದರು. ನನ್ನ ಕರ್ತವ್ಯ ಮುಗಿಯಿತು ಎಂದುಕೊಂಡೆ.

ಇಲ್ಲೊಂದು ವಿಷಯವನ್ನು ನಿಮ್ಮಿಂದ ಮುಚ್ಚಿಡಬಾರದು. ಸಂಜೆ ಶಾಲೆ ಬಿಟ್ಟ ಮೇಲೆ ಹುಮನಾಬಾದದ ಬಸ್ಸಿಗಾಗಿ ನಾನು ದಿನಾ ಅರ್ಧ ತಾಸು ಕಾಯುತ್ತಿದ್ದೆ. ಕಾಯುವ ಕಟ್ಟೆಯ ಹಿಂದಿನ ಓಣಿಯಲ್ಲೇ ಸುಜಾತಾಳ ಮನೆ. ಮೂರನೆಯದೋ ನಾಲ್ಕನೆಯದೋ ಬಾಗಿಲು. ಆ ಅರ್ಧ ತಾಸು ನಾನು ಹುರಿದ ಪುಟಾಣಿ ಕಡಲೆ ತಿನ್ನುತ್ತ ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆ. ಒಂದು ದಿನವೂ ಎದ್ದು ಆ ಓಣಿಗೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಬಸ್ಸು ತಪ್ಪೀತೆಂಬ ಭಯ ಎಂದು ಉತ್ತರ ಹೇಳಿಕೊಂಡಿದ್ದೇನೆ. ಕಿರಾಣಿ ಅಂಗಡಿಯವರ ಮನೆ ಆ ಕೇರಿಯ ಆಚೆಯೇ ಇತ್ತು, ಅವರ ಮನೆಗೆ ಚಹಾಕ್ಕೆ ಹೋಗುವಾಗ ಮಾತ್ರ ಬಸ್ಸು ತಪ್ಪುವ ಭಯ ಇರಲಿಲ್ಲ. ಆದ್ದರಿಂದ ಆ ಉತ್ತರ ನನಗೇ ಒಪ್ಪಿಗೆಯಾಗುವುದಿಲ್ಲ.

ಒಂದು ಸೋಮವಾರ ಮಧ್ಯಾಹ್ನ ಹೆಡ್ ಮಾಸ್ತರರು ತರಗತಿಯ ಬಾಗಿಲಿಗೆ ಬಂದರು. ನಿವೃತ್ತಿಗೆ ಹತ್ತಿರವಾಗಿದ್ದವರು, ಯಾರಿಗೂ ಕೆಟ್ಟದ್ದು ಬಯಸದ ಮನುಷ್ಯ. ‘ಅಕ್ಕೋರ, ಬ್ರಸ್ತವಾರ ಸಾಹೇಬ್ರು ತಪಾಸಣಿಗಿ ಬರಾಕತ್ತಾರ. ಹಾಜರಿ ಪುಸ್ತಕ ಸಾಫ್ ಮಾಡಿ ಇಡ್ರಿ. ಬರಲಾರದವರು ಖಾರಿಜ್’ ಎಂದರು. ಗುರುವಾರಕ್ಕೆ ಮೂರೇ ದಿನ ಉಳಿದಿತ್ತು. ಖಾರಿಜ್ ಎಂಬುದು ಹಳೆಯ ನಿಜಾಮಶಾಹಿ ಕಚೇರಿಯ ಮಾತು. ನಮ್ಮ ಕಡೆ ಶಾಲೆಗಳಲ್ಲಿ ಹೆಸರು ತೆಗೆಯುವುದಕ್ಕೆ ಈಗಲೂ ಕೆಲವರು ಹಾಗೆನ್ನುತ್ತಾರೆ.

ನಾನು ಕೆಂಪು ಮಸಿಯ ಪೆನ್ನು ತೆಗೆದೆ. ಅಡಿಪಟ್ಟಿ ಇಟ್ಟು ಸುಜಾತಾಳ ಹೆಸರಿನ ಮೇಲೆ ಎರಡು ಗೆರೆ ಎಳೆದೆ. ಅಂಚಿನಲ್ಲಿ ‘ಸತತ ಗೈರುಹಾಜರಿ’ ಎಂದು ಸಣ್ಣಗೆ ಬರೆದೆ. ಗೆರೆಗಳು ನೇರವಾಗಿ ಬಂದವೆಂದು ಸಮಾಧಾನವೂ ಆಯಿತು. ಮಸಿ ಹರಡಬಾರದೆಂದು ಊದಿ ಆರಿಸಿದ್ದು ಸಹ ನೆನಪಿದೆ.

ಮರುದಿನ ಬೆಳಿಗ್ಗೆ ಸುಜಾತಾ ಬಂದಳು.

ಎಣ್ಣೆ ಹಚ್ಚಿ ತಲೆ ಬಾಚಿದ್ದಳು. ಬಿಸಿಲಿಗೆ ಮುಖ ಕಪ್ಪಾಗಿತ್ತು. ಕೈಬೆರಳುಗಳ ತುಂಬ ತೊಗರಿ ಕಟ್ಟಿಗೆ ಗೀರಿದ ಗೆರೆಗಳು. ತನ್ನ ಹಳೆಯ ಜಾಗದಲ್ಲಿಯೇ ಕುಳಿತಳು. ಅವಳನ್ನು ನೋಡಿದ ಕೂಡಲೇ ನಾನು ಏನಾದರೂ ಹೇಳಬೇಕಾಗಿತ್ತು. ಹಾಜರಿ ಕರೆದು ಮುಗಿಸಿ ಹೇಳಿದರಾಯಿತು ಎಂದುಕೊಂಡು ಕರೆಯಲು ಶುರು ಮಾಡಿದೆ. ಹುಡುಗರ ಹೆಸರುಗಳಾದವು, ಹುಡುಗಿಯರದು ಬಂತು. ‘ಸಾವಿತ್ರಿ’ ಎಂದೆ. ಸಾವಿತ್ರಿ ಉತ್ತರ ಕೊಟ್ಟಳು. ಮುಂದಿನದು ತನ್ನದೇ ಎಂದು ಸುಜಾತಾಳಿಗೆ ಗೊತ್ತು. ಅವಳು ಆಗಲೇ ಎದ್ದು ನಿಂತಿದ್ದಳು. ‘ಸುಮಿತ್ರಾ’ ಎಂದೆ. ಸುಜಾತಾಳ ಬಾಯಿಂದ ‘ಹಾ’ ಎಂದಷ್ಟು ಹೊರಬಂದು ಅಲ್ಲಿಯೇ ನಿಂತಿತು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು.

‘ಅಕ್ಕೋರ, ನನ್ನ ಹೆಸರು ಕರೀಲಿಲ್ರಿ’ ಎಂದಳು.

‘ನಿನ್ನ ಹೆಸರು ಹೊಡದೀನಿ. ನಾಳಿ ನಿಮ್ಮವ್ವನ ಕರಕೊಂಡು ಬಾ.’

ಅವಳು ಅಳಲಿಲ್ಲ. ಕುಳಿತುಕೊಂಡಳು. ಸಣ್ಣ ಬಿಡುವಿನ ತನಕ ಪುಸ್ತಕ ತೆರೆದು ಅದರ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದಳು. ಬಿಡುವು ಮುಗಿದು ಗಂಟೆಯಾದಾಗ ಆ ಜಾಗ ಖಾಲಿಯಿತ್ತು. ಪಕ್ಕದ ಮನೆಯ ಆಜಿಯ ಆ ಮಾತು ನನಗೆ ಆಗ ನೆನಪಾಗಲಿಲ್ಲ. ಈಗ ಆಗುತ್ತದೆ. ವಿಚಾರಿಸಬೇಕಾದಲ್ಲಿ ನಾನು ಒರೆಸಿಬಿಟ್ಟಿದ್ದೆ.

ಬುಧವಾರ ಕಮಳಾಬಾಯಿ ಬಂದಳು. ಒಂದು ಕೈಯಲ್ಲಿ ಕೋಲು, ಕಾಲಿಗೆ ಸೀರೆಯ ತುಂಡಿನ ಕಟ್ಟು. ತರಗತಿಯೊಳಗೆ ಬಾರದೆ ಹೊರಗಿನ ಕಟ್ಟೆಯ ಕಂಬ ಹಿಡಿದು ನಿಂತಳು. ನನಗಿಂತ ಐದಾರು ವರ್ಷ ದೊಡ್ಡವಳು. ಆದರೂ ಅವಳು ನನಗೆ ಮಾತು ಮಾತಿಗೂ ‘ರಿ’ ಹಚ್ಚಿದಳು, ನಾನು ‘ನೀ’ ಎಂದೇ ಮಾತಾಡಿಸಿದೆ.

‘ಹೆಸರು ಹೊಡದೀರಂತಲ್ರಿ, ಅಕ್ಕೋರ. ಹೊಡ್ಯೂದಂದ್ರ ಹ್ಯಾಂಗ್ರಿ? ಅಳಿಸೀರೇನು?’

‘ಅಳಿಸಿಲ್ಲ. ಮ್ಯಾಲ ಗೆರಿ ಎಳದೀನಿ.’

‘ಹಾಂಗಾದ್ರ ಹೆಸರು ಒಳಗ ಅದ ಅಲ್ರೀ?’

‘ಅದ. ಆದ್ರ ಇಲ್ಲಂತ ಲೆಕ್ಕ.’

ಕಮಳಾಬಾಯಿ ನನ್ನನ್ನೇ ನೋಡಿದಳು. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಅರ್ಥ ಮಾಡಿಕೊಳ್ಳಲು ನೋಡುತ್ತಿದ್ದಳು. ‘ಇದು ಯಾವ ಮಾತ್ರಿ? ನಾವು ಹೊಲದಾಗ ಕರಿಕಿ ಕಿತ್ತಿದ್ರ ಕಿತ್ತೀವಿ ಅಂತೀವಿ. ಬೇರು ಉಳದ್ರ ಉಳದದ ಅಂತೀವಿ. ಮ್ಯಾಲ ಸವರಿ, ಕಿತ್ತೀವಿ ಅಂತ ಹೊಲದವ್ರಿಗಿ ಸುಳ್ಳ ಹೇಳಂಗಿಲ್ರಿ. ಹುಡುಗಿ ಜೀವಂತ ಅದಾಳ, ಬಂದು ಮುಂದ ಕುಂತಾಳ, ಇಲ್ಲಂತ ಹ್ಯಾಂಗ ಬರೀತೀರಿ?’

ಎರಡು ಮಾತುಗಳ ನಡುವಿನ ವ್ಯತ್ಯಾಸವನ್ನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸುತ್ತಿದ್ದ ನನಗೆ ಓದು ಬಾರದ ಹೆಂಗಸೊಬ್ಬಳು ಕಟ್ಟೆಯ ಕೆಳಗೆ ನಿಂತು ಪಾಠ ಹೇಳುತ್ತಿದ್ದಳು.

‘ತೆಳಗ ಮತ್ತೊಮ್ಮಿ ಬರೀರಿ, ಅಕ್ಕೋರ’ ಎಂದಳು. ‘ಎಲ್ಲಾರಕಿಂತ ಕಡೀಕಿದ್ರೂ ನಡೀತದ. ಅಕೀ ಹೆಸರು ಕರದ್ರ ಸಾಕು.’

ಬರೆಯಬಹುದಿತ್ತು. ಪುಟದ ಕೆಳಗೆ ಜಾಗವಿತ್ತು. ಹೆಡ್ ಮಾಸ್ತರರು ಬೇಡವೆನ್ನುವವರಲ್ಲ, ನಾನು ಮುಂದಿಟ್ಟ ಯಾವ ಪುಟಕ್ಕೂ ಸಹಿ ಹಾಕುತ್ತಿದ್ದರು. ಒಂದೇ ಪುಟದಲ್ಲಿ ಹೊಡೆದ ಹೆಸರು, ಅದೇ ಹೆಸರು ಕೆಳಗೆ ಮತ್ತೊಮ್ಮೆ, ಅದಕ್ಕೊಂದು ಟಿಪ್ಪಣಿ. ನಾಳೆ ಸಾಹೇಬರು ಬಂದು ಪುಸ್ತಕ ತೆರೆದರೆ ಮೊದಲು ಕಣ್ಣಿಗೆ ಬೀಳುವುದೇ ಅದು. ಇಷ್ಟೇ ನನ್ನ ತಲೆಯಲ್ಲಿದ್ದದ್ದು.

‘ಈಗ ಬರದ್ರ ಪುಸ್ತಕ ಕೆಡ್ತದ. ನಾಳಿ ಸಾಹೇಬ್ರು ಬರಾಕತ್ತಾರ. ಜೂನ್‌ದಾಗ ಬಾ, ಹೊಸಾ ಪುಸ್ತಕದಾಗ ಬರಕೊಂತೀನಿ’ ಎಂದೆ.

‘ಜೂನ್ ತನಕಾ ಹುಡುಗಿ ಮನ್ಯಾಗ ಕುಂತ್ರ ಮತ್ತ ಶಾಲೀಗಿ ಹೊಂಡಂಗಿಲ್ರಿ. ನನಗ ಗೊತ್ತದ’ ಎಂದಳು ಕಮಳಾಬಾಯಿ. ನಾನು ಒಳಗೆ ಹೋಗಿ ಪಾಠ ಮುಂದುವರಿಸಿದೆ. ಕೋಲಿನ ಸದ್ದು ದೂರವಾಗುವುದು ಕೇಳಿಸಿತು.

ಜೂನ್‌ನಲ್ಲಿ ಅವರು ಬರಲಿಲ್ಲ. ನಾನೂ ಹೋಗಿ ಕೇಳಲಿಲ್ಲ. ಮುಂದೆ ಎರಡು ವರ್ಷಕ್ಕೆ ಸುಜಾತಾಳನ್ನು ಮಂಠಾಳಕ್ಕೆ ಕೊಟ್ಟರೆಂದು ಸುದ್ದಿ ಬಂತು. ನನಗೆ ವರ್ಗವಾಯಿತು. ಇನ್ನೂ ಎಷ್ಟೋ ಪುಸ್ತಕಗಳಲ್ಲಿ ಎಷ್ಟೋ ಹೆಸರು ಬರೆದೆ, ಹೊಡೆದೆ, ನಿವೃತ್ತಳಾದೆ.

ಎರಡು ವರ್ಷದ ಹಿಂದೆ, ನಮ್ಮ ಮನೆಯವರು ಇನ್ನೂ ಗಟ್ಟಿಯಾಗಿದ್ದಾಗ, ಒಂದು ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ‘ಗುರ್ತು ಸಿಕ್ತೇನ್ರಿ, ಅಕ್ಕೋರ? ನಾ ಸುಜಾತಾ’ ಎಂದಳು. ಸಿಗಲಿಲ್ಲ. ಸಿಕ್ಕಿತೆಂದು ಸುಳ್ಳು ಹೇಳಿದೆ. ಊರಿನ ಹೆಸರು ಹೇಳಿದ ಮೇಲೆ ನಿಜವಾಗಿಯೂ ಸಿಕ್ಕಿತು.

ಅವಳಿಗೆ ಒಂದು ಕಾಗದ ಬೇಕಾಗಿತ್ತು. ಬಸವಕಲ್ಯಾಣದ ಒಂದು ಖಾಸಗಿ ವಸತಿಗೃಹದಲ್ಲಿ ಅಡುಗೆಯವಳ ಕೆಲಸ ಖಾಲಿಯಿತ್ತು. ವರ್ಷವಿಡೀ ನೆರಳಿನಲ್ಲಿ ಕೆಲಸ. ಏಳನೆಯ ತರಗತಿ ಓದಿದ ದಾಖಲೆ ತಂದರೆ ತೆಗೆದುಕೊಳ್ಳುತ್ತೇವೆ ಎಂದಿದ್ದರಂತೆ. ‘ಏಳನೇತ್ತಾ ಅರ್ಧಾ ಓದೀನಲ್ರಿ. ನೀವು ಒಂದ ಮಾತು ಹೇಳಿದ್ರ ಶಾಲ್ಯಾಗ ಕೊಡ್ತಾರೇನೋ ಅಂತ ಬಂದೆ’ ಎಂದಳು. ಅವಳ ಮಾತಿನಲ್ಲಿ ನನ್ನ ಮೇಲೆ ಸಿಟ್ಟೇನೂ ಕಾಣಲಿಲ್ಲ. ಅದು ನನಗೆ ಸಮಾಧಾನವಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ.

ಮರುದಿನವೇ ಇಬ್ಬರೂ ಹೋದೆವು. ಶಾಲೆಗೆ ಹೊಸ ಕಟ್ಟಡ ಬಂದಿತ್ತು. ಈಗಿನ ಮುಖ್ಯ ಶಿಕ್ಷಕಿ ಚಿಕ್ಕ ವಯಸ್ಸಿನವರು. ನನಗೆ ಕುರ್ಚಿ ಕೊಟ್ಟು ಹಳೆಯ ಕೋಣೆಯ ಬೀಗ ತೆಗೆಸಿದರು. ಒಂದು ತಾಸು ಹುಡುಕಿದ ಮೇಲೆ ಆ ವರ್ಷದ ಹಾಜರಿ ಪುಸ್ತಕ ಸಿಕ್ಕಿತು. ಗೆದ್ದಲು ಅಂಚನ್ನಷ್ಟೇ ತಿಂದಿತ್ತು. ಪುಟ ತೆರೆದರೆ ನನ್ನ ಮುತ್ತಿನಂಥ ಅಕ್ಷರಗಳು. ನೀಲಿ ಮಸಿ ಮಾಸಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಕೆಂಪು ಮಾತ್ರ ನಿನ್ನೆ ಎಳೆದ ಹಾಗಿತ್ತು. ಎರಡು ಗೆರೆಗಳ ಕೆಳಗಿನಿಂದ ‘ಸುಜಾತಾ’ ಎಂಬುದು ಸ್ಪಷ್ಟವಾಗಿ ಕಾಣುತ್ತಿತ್ತು.

ಸುಜಾತಾ ಬಗ್ಗಿ ನೋಡಿದಳು. ತನ್ನ ಹೆಸರನ್ನು ಮುಟ್ಟಲಿಲ್ಲ. ‘ಎಷ್ಟು ನೀಟ್ ಹೊಡದೀರಿ’ ಎಂದಳು, ಅಷ್ಟೇ.

ಮುಖ್ಯ ಶಿಕ್ಷಕಿ ಕೈ ಮುಗಿದರು. ‘ಬುಕ್‌ನ್ಯಾಗ ಇದ್ದದ್ದಷ್ಟ ಬರೀಬಹುದ್ರಿ, ಮೇಡಮ್’ ಎಂದರು. ಬರೆದುಕೊಟ್ಟರು: ಆರನೆಯ ತರಗತಿ ಉತ್ತೀರ್ಣ, ಏಳನೆಯ ತರಗತಿಯಲ್ಲಿ ಸತತ ಗೈರುಹಾಜರಿಯ ಕಾರಣ ಹೆಸರು ಕಡಿಮೆ ಮಾಡಲಾಗಿದೆ. ನಾನು ಅಲ್ಲಿಯೇ ಕೂತು ಇನ್ನೊಂದು ಹಾಳೆಯಲ್ಲಿ ನನ್ನ ಸಹಿಯೊಡನೆ ಒಂದು ಪತ್ರ ಬರೆದೆ: ಈ ಹುಡುಗಿ ನಿಜವಾಗಿ ಶಾಲೆಗೆ ಮರಳಿದ್ದಳು, ಹೆಸರು ಹೊಡೆದದ್ದು ನನ್ನ ಅವಸರ ಎಂದು. ನಿವೃತ್ತ ಶಿಕ್ಷಕಿಯ ಪತ್ರಕ್ಕೆ ಏನು ಬೆಲೆ. ಮುಂದೆ ವಸತಿಗೃಹದವರು ಅದನ್ನು ಓದಿ ಮಡಿಸಿ ವಾಪಸ್ಸು ಕೊಟ್ಟರೆಂದೂ, ಕೆಲಸ ಬೇರೆಯವರಿಗೆ ಹೋಯಿತೆಂದೂ ತಿಳಿಯಿತು.

ಆ ದಿನ ಹಿಂತಿರುಗುವಾಗ ಹುಮನಾಬಾದದ ಬಸ್ ನಿಲ್ದಾಣದಲ್ಲಿ ಬಸವಕಲ್ಯಾಣದ ಬಸ್ಸಿಗೆ ಕಾಯುತ್ತ ಕುಳಿತಿದ್ದೆವು. ನಾನು ಇಬ್ಬರಿಗೂ ಚಹಾ ತಂದಿದ್ದೆ. ಸುಜಾತಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು:

‘ಅಕ್ಕೋರ, ಒಂದ ಮಾತು ಕೇಳ್ತೀನಿ. ಸಾಹೇಬ್ರು ಬರ್ತಾರ, ಅದಕ್ಕ ಪುಸ್ತಕ ಕೆಡಸಾಕ ಬರಂಗಿಲ್ಲ ಅಂತ ಹೇಳಿದ್ರಿ ಅಂತ ಅವ್ವ ಅಂದಿದ್ಲು. ಮರದಿನ ಸಾಹೇಬ್ರು ಬಂದಿದ್ರೇನ್ರಿ?’

ಇಪ್ಪತ್ಮೂರು ವರ್ಷ ಯಾರೂ ಕೇಳದ ಪ್ರಶ್ನೆ. ನಮ್ಮ ಮನೆಯವರಿಗೂ ನಾನು ಇದನ್ನು ಹೇಳಿರಲಿಲ್ಲ. ಆ ಗುರುವಾರ ನಾವು ಬೆಳಿಗ್ಗೆಯೇ ಬೋರ್ಡು ಒರೆಸಿ, ಸುವಿಚಾರ ಬರೆದು, ಮಕ್ಕಳನ್ನು ಸಾಲಾಗಿ ಕೂರಿಸಿ ಕಾದೆವು. ಮಧ್ಯಾಹ್ನವಾಯಿತು, ಸಂಜೆಯಾಯಿತು. ನನ್ನ ಪುಸ್ತಕ ಮೇಜಿನ ಮೇಲೆ ಸಿದ್ಧವಾಗಿ ಬಿದ್ದಿತ್ತು.

‘ಇಲ್ಲ’ ಎಂದೆ. ‘ಅವತ್ತ ಬರಲಿಲ್ಲ. ಆ ವರ್ಷನೇ ಬರಲಿಲ್ಲ.’

ಸುಜಾತಾ ಚಹಾ ಪೂರ್ತಿ ಕುಡಿದಳು. ಎದ್ದು ಹೋಗಿ ಲೋಟವನ್ನು ಅಂಗಡಿಗೆ ಕೊಟ್ಟು ಬಂದಳು. ಬಸ್ಸು ಬಂತು. ನನ್ನ ಪಕ್ಕದ ಆಸನ ಖಾಲಿಯಿತ್ತು. ಅವಳು ಮೂರು ಸಾಲು ಮುಂದೆ ಹೋಗಿ ಕಿಟಕಿಯ ಹತ್ತಿರ ಕುಳಿತಳು. ಕಲ್ಯಾಣದಲ್ಲಿ ಇಳಿದು, ತಿರುಗಿ ನೋಡದೆ ಮಂಠಾಳದ ಬಸ್ಸು ಹತ್ತಿದಳು.

ಅದಾದ ಮೇಲೆ ಅವಳನ್ನು ಕಾಣಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಮನೆಯವರ ಕಾಯಿಲೆ, ಆಸ್ಪತ್ರೆ, ಆಮೇಲಿನದು. ಕಾರಣಗಳಿಗೇನು ಕೊರತೆ. ಹೋದ ತಿಂಗಳು ಕಂಪ್ಯೂಟರ್ ಅಂಗಡಿಯಿಂದ ಹೊರಬಂದವಳು ಮಾತ್ರ ಮನೆಗೆ ಹೋಗಲಿಲ್ಲ. ನೇರವಾಗಿ ನಿಲ್ದಾಣಕ್ಕೆ ನಡೆದು ಮಂಠಾಳದ ಬಸ್ಸು ಹತ್ತಿದೆ.

ಕೇಳಿಕೊಂಡು ಹೋಗಿ ಮನೆ ಹುಡುಕಿದೆ. ತಗಡಿನ ಮನೆ, ಮುಂದೆ ಸಣ್ಣ ಅಂಗಳ. ಗೋಡೆಯ ನೆರಳಿನಲ್ಲಿ ಗೋಣಿಚೀಲದ ಮೇಲೆ ಒಬ್ಬ ಮುದುಕಿ ಕಾಲು ಚಾಚಿ ಕುಳಿತಿದ್ದಳು. ಮೊಣಕಾಲಿನ ಕೆಳಗೆ ಹಳೆಯ ಗಾಯದ ಕಲೆ. ಕಮಳಾಬಾಯಿ. ಈಗ ಮಗಳ ಮನೆಯಲ್ಲಿದ್ದಾಳೆ. ಸುಜಾತಾ ಬಾಗಿಲಲ್ಲಿ ಕುಳಿತು ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ನನ್ನನ್ನು ಕಂಡು ‘ಬರ್ರಿ’ ಎಂದಳು. ದನಿಯಲ್ಲಿ ಬೆಚ್ಚಗಿನದೂ ಇರಲಿಲ್ಲ, ತಣ್ಣಗಿನದೂ ಇರಲಿಲ್ಲ. ‘ಅವ್ವಗ ಈಗ ನೆಪ್ಪು ನಿಂದ್ರಂಗಿಲ್ರಿ. ಹಳೇದು ಒಂದೀಟು ಇರ್ತದ, ಒಂದೀಟು ಇಲ್ಲ’ ಎಂದಳು.

ಆದರೆ ಕಮಳಾಬಾಯಿ ನನ್ನ ಗುರುತು ಹಿಡಿದಳು. ಕಣ್ಣಿಗೆ ಕೈ ಮರೆಮಾಡಿ ನೋಡಿ, ‘ಶಾಲಿ ಅಕ್ಕೋರಲ್ರೀ?’ ಎಂದಳು. ಏಳಲು ಹೋದಳು, ನಾನು ಭುಜ ಹಿಡಿದು ಕೂರಿಸಿದೆ. ನನ್ನ ಕೈ ಬಿಡದೆ ಮುಖದ ಹತ್ತಿರ ಮುಖ ತಂದು, ಗುಟ್ಟು ಕೇಳುವವಳಂತೆ ಕೇಳಿದಳು:

‘ನಮ್ಮ ಹುಡುಗಿ ದಿನಾ ಶಾಲೀಗಿ ಬರ್ತಾಳ್ರೀ?’

ನಾನು ಏನೂ ಯೋಚಿಸಲಿಲ್ಲ. ‘ಬರ್ತಾಳ್ರಿ, ದಿನಾ ಬರ್ತಾಳ’ ಎಂದುಬಿಟ್ಟೆ. ಮುದುಕಿಯ ಮುಖ ಅರಳಿತು.

ಬಾಗಿಲಿನಿಂದ ಸುಜಾತಾ, ಸೊಪ್ಪಿನಿಂದ ಕಣ್ಣೆತ್ತದೆ, ‘ಅವ್ವಗ ಸುಳ್ಳ ಹೇಳಬ್ಯಾಡ್ರಿ, ಅಕ್ಕೋರ’ ಎಂದಳು.

ನಾನು ಕಮಳಾಬಾಯಿಯ ಎದುರಿಗೆ ನೆಲದ ಮೇಲೆ ಕುಳಿತೆ. ಎಲ್ಲವನ್ನೂ ಹೇಳಿದೆ. ನೀವು ಬಂದು ಕೇಳಿದಿರಿ, ನಾನು ಬರೆಯಲಿಲ್ಲ, ಸಾಹೇಬರು ಬರಲಿಲ್ಲ, ನಿಮ್ಮ ಮಗಳು ಶಾಲೆ ಬಿಟ್ಟಳು ಎಂದು. ಆಕೆಗೆ ಎಷ್ಟು ತಿಳಿಯಿತೋ. ಕೊನೆಯದು ಮಾತ್ರ ತಿಳಿಯಿತು. ‘ಬಿಟ್ಳೇನು? ಯಾವಾಗ ಬಿಟ್ಳು? ನನಗ ಯಾರೂ ಹೇಳಲಿಲ್ಲ’ ಎಂದು ಅಳತೊಡಗಿದಳು. ಆಗಷ್ಟೇ ಆದ ಸುದ್ದಿ ಕೇಳಿದವರು ಅಳುವ ಹಾಗೆ ಅತ್ತಳು. ಸುಜಾತಾ ಸೊಪ್ಪಿನ ಬುಟ್ಟಿ ಬದಿಗಿಟ್ಟು ಬಂದು ತಾಯಿಯ ತಲೆಯನ್ನು ಎದೆಗೆ ಒತ್ತಿಕೊಂಡಳು. ಮುದುಕಿಯ ಅಳು ಬಹಳ ಹೊತ್ತು ನಿಲ್ಲಲಿಲ್ಲ. ಯಾವುದಕ್ಕೆ ಅಳುತ್ತಿದ್ದೇನೆಂದು ಆಕೆಗೆ ಮರೆತ ಮೇಲೂ ನಿಲ್ಲಲಿಲ್ಲ. ನಾನು ಹೇಳದೆ ಎದ್ದು ಬಂದೆ.

ಮತ್ತೆ ಹೋಗಬಾರದು ಎಂದುಕೊಂಡಿದ್ದೆ. ಆದರೂ ಹೋದ ಭಾನುವಾರ ಹೋದೆ. ಯಾಕೆಂದು ಕೇಳಿದರೆ ನನ್ನಲ್ಲಿ ಸರಿಯಾದ ಮಾತಿಲ್ಲ. ಕಮಳಾಬಾಯಿ ಅದೇ ಗೋಡೆಯ ನೆರಳಿನಲ್ಲಿದ್ದಳು. ಸುಜಾತಾ ಹಿಂದೆ ಕುಳಿತು ತಾಯಿಯ ತಲೆ ಬಾಚುತ್ತಿದ್ದಳು. ನಾನು ತಂದ ಬಾಳೆಹಣ್ಣು ಇಟ್ಟು ಕುಳಿತೆ. ಮುದುಕಿ ಕಣ್ಣಿಗೆ ಕೈ ಮರೆಮಾಡಿ ನೋಡಿದಳು.

‘ಶಾಲಿ ಅಕ್ಕೋರಲ್ರೀ? ನಮ್ಮ ಹುಡುಗಿ ದಿನಾ ಶಾಲೀಗಿ ಬರ್ತಾಳ್ರೀ?’

ನಾನು ಸುಜಾತಾಳ ಮುಖ ನೋಡಿದೆ. ಅವಳ ಕೈ ಬಾಚಣಿಗೆಯ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಅವಳು ನನ್ನ ಕಡೆ ನೋಡದೆ, ತಾಯಿಯ ಬಿಳಿಗೂದಲನ್ನು ಎರಡು ಭಾಗ ಮಾಡುತ್ತ ಹೇಳಿದಳು: ‘ಬರ್ತಾಳವ್ವ. ದಿನಾ ಹೋಗ್ತಾಳ. ಎಲ್ಲಾರಕಿಂತ ಮೊದಲು ಹೋಗಿ ಕುಂದರ್ತಾಳ.’

ಕಮಳಾಬಾಯಿಗೆ ಅಷ್ಟು ಸಾಲದಾಯಿತು. ನನ್ನ ಕಡೆ ತಿರುಗಿ, ‘ಖರೇ ಏನ್ರಿ?’ ಎಂದು ಕೇಳಿದಳು.

‘ಖರೇರಿ’ ಎಂದೆ.